ಯಾರಿಗೆ ಬೇಕು

ಜೂನ್ ೩, ಸೋಮವಾರ

ದಿನಾ ಏನಾದರೂ ಬರೆಯಬೇಕಂತೆ. ಬರೆದದ್ದನ್ನು ಯಾರೂ ಓದುವುದಿಲ್ಲವಂತೆ. ಯಾರೂ ಓದದಿದ್ದರೆ ಯಾಕೆ ಬರೆಯಲಿ ಎಂದು ಕೇಳಿದ್ದಕ್ಕೆ ಕೌನ್ಸೆಲರಮ್ಮ ನಕ್ಕು, "ಅದಕ್ಕೇ ಬರೀರಿ" ಅಂದರು. ಇದಕ್ಕೆ ಇವರಿಗೆ ಸಂಬಳ ಬೇರೆ.

ಆದದ್ದಿಷ್ಟು. ನಮ್ಮ ಡಿಪೋದಲ್ಲಿ ಬಸ್ಸು ಹೊರಗೆ ತೆಗೆಯುವ ಮುಂಚೆ ಪ್ರತಿ ಡ್ರೈವರೂ ಒಂದು ಮೆಷಿನ್ನಿಗೆ ಊದಬೇಕು. ಬಾಯಿಗೆ ಇಡಲು ಒಂದು ಕೊಳವೆ ಇರುವುದರಿಂದ ನಾವೆಲ್ಲ ಅದನ್ನು ಕೊಳಲು ಅನ್ನುತ್ತೇವೆ. ಅದನ್ನು ಹಿಡಿದುಕೊಂಡು ಗೇಟಿನ ಪಕ್ಕ ಕೂರುವವನು ಕೊಳಲಯ್ಯ. ಕುಡಿದವನು ಊದಿದರೆ ಅದು ಕೂಗುತ್ತದೆ. ಶುಕ್ರವಾರ ಬೆಳಿಗ್ಗೆ ನಾನು ಊದಿದಾಗ ಕೂಗಿತು. ಬೆಳಿಗ್ಗೆ ನಾನು ಒಂದು ಹನಿ ಮುಟ್ಟಿರಲಿಲ್ಲ, ಕುಡಿದದ್ದು ಹಿಂದಿನ ದಿನ. ಆದರೆ ಆ ಮೆಷಿನ್ನಿಗೆ ನಿನ್ನೆ ಯಾವುದು ಇವತ್ತು ಯಾವುದು ಅನ್ನುವ ಭೇದವೇ ಇಲ್ಲ.

ಮ್ಯಾನೇಜರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. "ಮೂರು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ. ಬಸ್ಸು ತೊಳೆಯೋ ಕಡೆ ಇರಿ. ದಿನಾ ಕೊಳಲು ಊದಿ, ವಾರಕ್ಕೊಂದ್ಸಲ ಕೌನ್ಸೆಲರ್ ಹತ್ರ ಹೋಗಿ. ಎಲ್ಲಾ ಸರಿ ಇದ್ರೆ ಮೆಡಿಕಲ್ ಮಾಡಿಸಿ ನಿಮ್ಮ ಬಸ್ಸು ನಿಮಗೇ ಕೊಡ್ತೀನಿ. ಇನ್ನೊಂದ್ಸಲ ಕೂಗ್ತೋ, ಸೀದಾ ಮನೆಗೆ" ಅಂದರು.

ಇಡೀ ಡಿಪೋ ನೋಡುತ್ತಿರುವಾಗ ಕೈಗೆ ಬಕೆಟ್ ಕೊಟ್ಟರು. ಮಾನ ಮೂರಾಬಟ್ಟೆ.

ಬಿಡಬೇಕು. ಬಿಡಲೇಬೇಕು. ಇವಳಿಗಾಗಿ, ಮಗಳಿಗಾಗಿ, ಕೆಲಸಕ್ಕಾಗಿ ಬಿಡಬೇಕು. ಇವತ್ತಿಗೆ ಇಷ್ಟು ಬರೆದರೆ ಸಾಕಲ್ಲ.

ಜೂನ್ ೬, ಗುರುವಾರ

ಡಿಪೋದ ದವಾಖಾನೆಯ ಮೇಲಿನ ಕೋಣೆ. ಎರಡು ಕುರ್ಚಿ, ಒಂದು ಮೇಜು, ಅಳುವವರಿಗಾಗಿ ಕಾಗದದ ಕರವಸ್ತ್ರದ ಡಬ್ಬಿ. ಕಿಟಕಿಯಿಂದ ಬಸ್ಸುಗಳು ಹೊರಡುವುದು ಕಾಣುತ್ತದೆ. ಬೇಕೆಂದೇ ಅಲ್ಲಿ ಕೂರಿಸುತ್ತಾರೋ ಏನೋ.

"ಬರೆದದ್ದು ತೋರಿಸೋದು ಬೇಡ. ಒಂದು ವಾಕ್ಯ ಹೇಳಿ, ಸಾಕು" ಅಂದರು.

"ಬಿಡಬೇಕು ಅಂತ ಬರೆದೆ."

"ಯಾರಿಗೆ ಬೇಕು?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ.

"ಬಿಡಬೇಕು ಅನ್ನೋದ್ರಲ್ಲಿ ಒಂದು 'ಬೇಕು' ಇದೆಯಲ್ಲ, ಅದು ಯಾರದ್ದು?"

"ಮ್ಯಾನೇಜರಿಗೆ ಬೇಕು. ನಮ್ಮನೆಯವಳಿಗೆ ಬೇಕು. ಮಗಳಿಗೆ ಬೇಕು. ನಮ್ಮತ್ತೆಗಂತೂ ಮದುವೆ ದಿನದಿಂದ್ಲೂ ಬೇಕು."

"ನಿಮಗೆ?"

"ನನಗೆ ಬಸ್ಸು ಬೇಕು."

ಬೈಯುತ್ತಾರೆ ಅಂದುಕೊಂಡೆ. ಅವರು ತಲೆಯಾಡಿಸಿದರು. "ಸರಿ. ನೀವು ಕೊಟ್ಟ ಲೆಕ್ಕದಲ್ಲಿ ಅದೊಂದೇ ನಿಮ್ಮ ಸ್ವಂತ 'ಬೇಕು'. ಅದನ್ನೇ ಹಿಡ್ಕೊಂಡು ಹೊರಡೋಣ. ಗಾಡಿ ಸ್ಟಾರ್ಟ್ ಆದ್ರೆ ಸಾಕು ಈಗ."

"ಅರ್ಧ ದಾರೀಲಿ ನಿಂತ್ರೆ?"

"ಇಳಿದು ನೋಡೋಣ."

'ನಾನು ಬಿಡಬೇಕು' ಎಂದರೆ ಅಪ್ಪಣೆಯಂತೆ, 'ನನಗೆ ಬೇಕು' ಎಂದರೆ ಆಸೆಯಂತೆ. ಅಪ್ಪಣೆ ಕೊಟ್ಟವರು ಆ ಕಡೆ ತಿರುಗಿದ ಕೂಡಲೇ ಮನುಷ್ಯ ಈ ಕಡೆ ಜಾರುತ್ತಾನಂತೆ. ಕುಡಿತ ಬಿಡಿಸಲು ಕಳಿಸಿದರೆ ಇಲ್ಲಿ ವ್ಯಾಕರಣ ಕಲಿಸುತ್ತಿದ್ದಾರೆ. ಇನ್ನು ಮೇಲೆ ಇವರು ನನಗೆ ವ್ಯಾಕರಣದಮ್ಮ.

ಜೂನ್ ೮, ಶನಿವಾರ

ಕೈ ನಡುಗುತ್ತಿದೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಬೆವರು. ಮೈಮೇಲೆ ಇರುವೆ ಹರಿದಂತೆ. ಊಟ ಸೇರುತ್ತಿಲ್ಲ.

ಟೀ ಲೋಟಕ್ಕೆ ಕೈ ತಗಲಿ ಬಿತ್ತು. ಇವಳು "ಅಲ್ಲೇ ಇತ್ತಲ್ರೀ, ಕಾಣಲಿಲ್ವಾ?" ಅಂದಳು. ಎಡಗಡೆ ಇಟ್ಟರೆ ಹೇಗೆ ಕಾಣುತ್ತದೆ? ಅದಕ್ಕೂ ಜಗಳ.

ಬಿಡಬೇಕು ಬಿಡಬೇಕು ಬಿಡಬೇಕು.

ಜೂನ್ ೧೪, ಶುಕ್ರವಾರ

ಇವತ್ತು ಸ್ವಲ್ಪ ಮನುಷ್ಯನಂತಿದ್ದೇನೆ.

ಬಸ್ಸು ತೊಳೆಯುವುದು ಅಂದರೆ ನೀರು ಹೊಡೆದು ಬಿಡುವುದು ಅಂದುಕೊಂಡಿದ್ದೆ. ಹಾಗಲ್ಲ. ಮೇಲಿನಿಂದ ಕೆಳಕ್ಕೆ ಬರಬೇಕು, ಇಲ್ಲದಿದ್ದರೆ ತೊಳೆದ ಗಾಜಿನ ಮೇಲೆ ಬಸ್ಸಿನ ಮೇಲಿನ ಮಾಡಿನ ಕೊಳೆ ಇಳಿಯುತ್ತದೆ. ಇರುವ ಬ್ರಷ್ಷಿಗೆ ಹಿಡಿ ಗಿಡ್ಡ. ಮಾಡು ಎಟುಕಬೇಕಾದರೆ ಡ್ರಮ್ಮಿನ ಮೇಲೆ ನಿಂತು ಸರ್ಕಸ್ ಮಾಡಬೇಕು. ಸೀಟಿನ ಅಡಿಯಲ್ಲಿ ಜನ ಏನೇನು ಅಂಟಿಸುತ್ತಾರೆ ಅನ್ನುವುದು ಇಷ್ಟು ವರ್ಷ ಮುಂದೆ ಕೂತು ಓಡಿಸಿದ ನನಗೆ ಗೊತ್ತೇ ಇರಲಿಲ್ಲ. ಥೂ.

ಹೋಲ್ಡಾನ್ ಬಂದಿದ್ದ. ನನ್ನ ಬಸ್ಸಿನ ಕಂಡಕ್ಟರು. ಬಸ್ಸು ನಿಲ್ಲಿಸಲು "ಹೋಲ್ಡಾನ್" ಎಂದು ಕೂಗುವಾಗ ಅರ್ಧ ಊರಿಗೆ ಕೇಳಿಸುತ್ತದೆ, ಅದಕ್ಕೇ ಆ ಹೆಸರು. ಕೆಲಸ ಮುಗಿದ ಮೇಲೆ ಜೊತೆಗೆ ಕುಡಿಯುತ್ತಿದ್ದವನೂ ಅವನೇ. "ನೀನಿಲ್ದೆ ಬಸ್ಸು ಬಸ್ಸೇ ಅಲ್ಲ ಕಣೋ. ಆ ಹೊಸ ಹುಡುಗ ಬ್ರೇಕ್ ಹಾಕಿದ್ರೆ ಪ್ಯಾಸೆಂಜರೆಲ್ಲ ನನ್ನ ತೊಡೆ ಮೇಲೆ" ಅಂದ. ಬಹಳ ದಿನದ ಮೇಲೆ ನಕ್ಕೆ.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ, "ಅಪ್ಪಾ, ಹಾ ಅನ್ನು." ಚಿಕ್ಕವಳಿದ್ದಾಗಿನಿಂದ ಅವಳಿಗೆ ಈ ಚಾಳಿ. ಬಾಯಿ ತೆರೆದು ಹಾ ಅಂದರೆ ಮೂಗು ಹತ್ತಿರ ತಂದು ಮೂಸಿ, ಒಳಗೆ ಹೋಗಿ ಅಮ್ಮನಿಗೆ ವರದಿ ಕೊಡುತ್ತಾಳೆ. ಈಗ ಅವಳಿಗೆ ಹದಿನಾರು. ಇನ್ನೂ ಬಿಟ್ಟಿಲ್ಲ. ಡಿಪೋದಲ್ಲೊಂದು ಕೊಳಲು, ಮನೆಯಲ್ಲೊಂದು ಕೊಳಲು.

ಹಾ ಅಂದೆ. ಮೂಸಿ ಒಳಗೆ ಹೋದಳು.

ಜೂನ್ ೨೨, ಶನಿವಾರ

ಕುಡಿದೆ.

ಜೂನ್ ೨೪, ಸೋಮವಾರ

ಬರೆಯುವುದು ಬೇಡ ಅಂದುಕೊಂಡಿದ್ದೆ. ಆದರೆ ಇವತ್ತಿನ ಪೆದ್ದುತನವನ್ನು ಎಲ್ಲಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ.

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಹೊರಟಾಗ ಹೋಲ್ಡಾನ್ ಗೇಟಿನ ಹೊರಗೆ ನಿಂತಿದ್ದ. ಅವನೇನೂ ಎಳೆದುಕೊಂಡು ಹೋಗಲಿಲ್ಲ. "ಬರ್ತೀಯಾ?" ಅಂದ, ಹೋದೆ. ಅಷ್ಟೇ. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಮಗಳು. "ಹಾ ಅನ್ನು." ನನಗೆ ಪಿತ್ತ ನೆತ್ತಿಗೇರಿತು. "ನಾನೇನು ಕಳ್ಳನಾ? ದಾರಿ ಬಿಡು" ಎಂದು ಕಿರುಚಿದೆ. ಬಿಟ್ಟಳು. ಭಾನುವಾರವಿಡೀ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಇವತ್ತು ಬೆಳಿಗ್ಗೆ ಕೊಳಲಿನ ಹೆದರಿಕೆ. ಶನಿವಾರದ್ದು ಇನ್ನೂ ಉಳಿದಿದ್ದರೆ? ಸೀದಾ ಮನೆಗೆ ಅಂದಿದ್ದರಲ್ಲ. ಎರಡು ಸಲ ಹಲ್ಲುಜ್ಜಿದೆ. ಸಾಲದೆ ಮೆಡಿಕಲ್ ಅಂಗಡಿಯಿಂದ ಬಾಯಿ ಮುಕ್ಕಳಿಸುವ ನೀಲಿ ಔಷಧ ತಂದು, ಡಿಪೋ ಗೇಟಿನ ಹೊರಗೆ ನಿಂತು ಗಳಗಳ ಮುಕ್ಕಳಿಸಿದೆ. ನೇರ ಹೋಗಿ ಊದಿದೆ.

ಅಯ್ಯೋ, ಅದು ಕೂಗಿದ್ದು! ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಕೊಳಲಯ್ಯ ಮೆಷಿನ್ ನೋಡಿದ, ನನ್ನನ್ನು ನೋಡಿದ. "ಅಣ್ಣಾ, ಇಷ್ಟು ಏರಿದ್ರೆ ನೀನು ನಿಂತಿರೋಕೇ ಆಗಲ್ಲ. ಏನ್ ಹಾಕ್ಕೊಂಡೆ ಬಾಯಿಗೆ?" ಅಂದ. ಜೇಬಿನಿಂದ ಬಾಟಲಿ ತೆಗೆದು ತೋರಿಸಿದೆ. ಅವನು ಅದರ ಹಿಂದಿನ ಚೀಟಿ ಓದಿ ಹಣೆ ಚಚ್ಚಿಕೊಂಡ. ಆ ಔಷಧದಲ್ಲೇ ಆಲ್ಕೋಹಾಲ್!

ನೀರು ಕುಡಿಸಿ, ಬೆಂಚಿನ ಮೇಲೆ ಕೂರಿಸಿ, ಎಲ್ಲರದೂ ಮುಗಿದ ಮೇಲೆ ಮತ್ತೆ ಊದಿಸಿದ. ಸೊನ್ನೆ ಬಂತು. ಶನಿವಾರದ್ದು ಯಾವಾಗಲೋ ಇಳಿದುಹೋಗಿತ್ತು. ಸುಮ್ಮನೆ ಬಂದು ಊದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈಗ ಇಡೀ ಡಿಪೋ ನನ್ನನ್ನು "ನೀಲಿ ಔಷಧ" ಎಂದು ಕರೆಯುತ್ತಿದೆ.

ಜೂನ್ ೨೭, ಗುರುವಾರ

ವ್ಯಾಕರಣದಮ್ಮನಿಗೆ ಶನಿವಾರದ್ದು ಹೇಳಿಬಿಟ್ಟೆ. ಹೇಳುವ ಯೋಚನೆ ಇರಲಿಲ್ಲ. ನೀಲಿ ಔಷಧದ ಕಥೆ ಹೇಳಿ ನಗಿಸೋಣ ಅಂತ ಶುರು ಮಾಡಿದೆ. ಕುಡಿದದ್ದು ಹೇಳದೆ ಆ ಕಥೆಗೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಅವರು ನಕ್ಕರು. ಆಮೇಲೆ ಕೇಳಿದರು, "ಬಸ್ಸು ಬೇಕು ಅಂದಿದ್ರಿ. ಶನಿವಾರ ಅದು ನೆನಪಾಗ್ಲಿಲ್ವಾ?"

"ಆಯ್ತು. ಆದ್ರೆ ಬಸ್ಸು ಮೂರು ತಿಂಗಳು ದೂರ ಇತ್ತು, ಗ್ಲಾಸು ಮೂರು ಗೇಣು ದೂರ ಇತ್ತು."

ಇದನ್ನು ಅವರು ಪೆನ್ನು ತೆಗೆದು ಬರೆದುಕೊಂಡರು. ನಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು ಇದೇ ಮೊದಲು, ಟ್ರಾಫಿಕ್ ಪೊಲೀಸರನ್ನು ಬಿಟ್ಟರೆ.

"ಹಾಗಾದ್ರೆ ಹತ್ತಿರದ್ದೇನಾದ್ರೂ ಹುಡುಕಿ. ಶನಿವಾರ ಮಧ್ಯಾಹ್ನಕ್ಕೆ ಕೈಗೆಟುಕೋ ಅಂಥದ್ದು."

"ಏನು?"

"ನನಗೇನು ಗೊತ್ತು? ನನ್ನ 'ಬೇಕು' ನಿಮಗೆ ಕೊಟ್ರೆ ಅದು ಐದನೇ ಜನದ್ದಾಗುತ್ತೆ."

ಮಗಳ ಮೇಲೆ ಕಿರುಚಿದ್ದನ್ನು ಹೇಳಲಿಲ್ಲ. ಅದು ಎದೆಯಲ್ಲೇ ಕೂತಿದೆ. ಮನೆಗೆ ಬಂದು ಅವಳ ಕೋಣೆ ಬಾಗಿಲಲ್ಲಿ ನಿಂತು "ಹಾ" ಅಂದೆ. ಪುಸ್ತಕದಿಂದ ತಲೆ ಎತ್ತದೆ "ಕೇಳಿಸ್ತು" ಅಂದಳು.

ಜುಲೈ ೫, ಶುಕ್ರವಾರ

ಕೆಲಸ ಮುಗಿಯುವ ಹೊತ್ತೇ ಕಷ್ಟ. ಬೆಳಗಿನಿಂದ ಏನೂ ಅನಿಸುವುದಿಲ್ಲ. ಸೋಪಿನ ಕೈ ತೊಳೆದು ಅಂಗಿ ಬದಲಾಯಿಸಿದ ಕೂಡಲೇ ಗಂಟಲು ತನ್ನಷ್ಟಕ್ಕೆ ತಾನೇ ಕಾಯುತ್ತದೆ. ಅದಕ್ಕೇ ಅಂಗಿ ಬದಲಾಯಿಸುವುದನ್ನೇ ಮುಂದೆ ಹಾಕಿದ್ದೇನೆ. ಆ ಹೊತ್ತಿಗೆ ಏಳನೇ ನಂಬರಿನ ಬಸ್ಸು ಡಿಪೋಗೆ ಬರುತ್ತದೆ. ನನ್ನ ಬಸ್ಸು. ಅದನ್ನು ಬೇರೆಯವರಿಗೆ ಬಿಡದೆ ನಾನೇ ತೊಳೆಯುತ್ತೇನೆ. ಅದು ಮುಗಿಯುವಷ್ಟರಲ್ಲಿ ಹೋಲ್ಡಾನ್ ಹೊರಟುಹೋಗಿರುತ್ತಾನೆ, ನನಗೂ ಹಸಿವಾಗಿರುತ್ತದೆ.

ಹೊಸ ಡ್ರೈವರಿಗೂ ನನಗೂ ಇವತ್ತು ಜಟಾಪಟಿ. ಎಡಗಡೆಯ ಕನ್ನಡಿ ಎಷ್ಟು ಒರೆಸಿದರೂ ಮಬ್ಬು. "ಇದನ್ನ ಹೇಗಪ್ಪ ಇಟ್ಕೊಂಡಿದ್ದೀಯ, ಏನೂ ಕಾಣಲ್ಲ" ಅಂದೆ. "ಚೆನ್ನಾಗೇ ಕಾಣುತ್ತಲ್ಲ ಅಣ್ಣ" ಅಂದ. ಇವರಿಗೆಲ್ಲ ಕನ್ನಡಿ ಇರುವುದು ತಲೆ ಬಾಚಲು.

ಜುಲೈ ೧೧, ಗುರುವಾರ

ವ್ಯಾಕರಣದಮ್ಮನಿಗೆ ನೆಗಡಿ. ಪೂರ್ತಿ ಹೊತ್ತು ಅವರೇ ಸೀನಿದರು. ನಾನೇ ಬ್ರಷ್ಷಿನ ಹಿಡಿಯ ಬಗ್ಗೆ ಮಾತಾಡಿದೆ. ಉದ್ದ ಹಿಡಿಯದ್ದು ತರಿಸಿಕೊಡಿ ಅಂದರೆ ಸ್ಟೋರಿನವನು ಕಿವಿ ಮೇಲೆ ಹಾಕಿಕೊಳ್ಳುತ್ತಿಲ್ಲ.

ಜುಲೈ ೧೯, ಶುಕ್ರವಾರ

ಮಗಳು ಈಗೀಗ ಬಾಗಿಲಿಗೇ ಬರುವುದಿಲ್ಲ. ಸೋಮವಾರವೂ ಬರಲಿಲ್ಲ, ಇವತ್ತೂ ಇಲ್ಲ. ನಾನು ಬಂದದ್ದು ಗೊತ್ತಾಗಲಿ ಎಂದು ಚಪ್ಪಲಿಯನ್ನು ಟಪ್ ಎಂದು ಬಿಟ್ಟೆ. ಒಳಗಿನಿಂದಲೇ "ಅಪ್ಪಾ, ಗೇಟ್ ಹಾಕಿದ್ಯಾ?" ಅಂದಳು. ಅಷ್ಟೇ. ಹಾ ಅನ್ನು ಅಂತಲೂ ಇಲ್ಲ, ಏನೂ ಇಲ್ಲ.

ನೆಗಡಿ ಎಲ್ಲ ಕಡೆ ಹರಡಿದೆ. ಮಗಳದೂ ಮೂಗು ಕಟ್ಟಿರಬೇಕು.

ಅಮ್ಮ ಮಗಳು ಒಟ್ಟಿಗೆ ಕೂತು ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಹೋದರೂ ನಗು ನಿಲ್ಲಿಸಲಿಲ್ಲ. ನನಗೂ ಸ್ವಲ್ಪ ಹೇಳಿದರು, ಅರ್ಥವಾಗಲಿಲ್ಲ.

ಆಗಸ್ಟ್ ೧, ಗುರುವಾರ

ಇವತ್ತು ಹೇಳಲು ವಿಷಯವೇ ಇರಲಿಲ್ಲ. ಸುಮ್ಮನೆ ಕೂರಲು ಬೇಸರವಾಗಿ ನಿನ್ನೆ ಹೋಲ್ಡಾನ್ ಬಂದದ್ದು ಹೇಳಿದೆ. ಅವನ ಹುಟ್ಟಿದ ದಿನವಂತೆ. ಒಂದೇ ಒಂದು, ನನ್ನ ಮೇಲಾಣೆ ಎಂದು ಕೈ ಹಿಡಿದು ಎಳೆದ. ನನಗೋ ಏಳನೇ ನಂಬರಿನದು ಅರ್ಧ ಸೋಪು ಹಚ್ಚಿ ನಿಂತಿತ್ತು, ಸೋಪು ಒಣಗಿದರೆ ಕಲೆ ಬೀಳುತ್ತದೆ.

"ಏನಂದ್ರಿ ಅವರಿಗೆ?" ವ್ಯಾಕರಣದಮ್ಮ ಕೇಳಿದರು.

"ಏನಿಲ್ಲ. ನಂಗೆ ಬೇಡ ಹೋಗೋ ಮಾರಾಯ, ಸೋಪು ಒಣಗುತ್ತೆ ಅಂದೆ."

"ಇನ್ನೊಂದ್ಸಲ ಹೇಳಿ."

ಹೇಳಿದೆ. ಅವರು ಎದ್ದು ಹೋಗಿ ಇಬ್ಬರಿಗೂ ಟೀ ತಂದರು. ಕಿವಿ ಸರಿ ಇಲ್ಲವೋ ಏನೋ, ಒಂದೇ ಮಾತು ಎರಡೆರಡು ಸಲ ಹೇಳಿಸುತ್ತಾರೆ.

ಆಗಸ್ಟ್ ೧೭, ಶನಿವಾರ

ಬಹಳ ದಿನ ಬರೆಯಲಿಲ್ಲ. ಪುರಸೊತ್ತಾಗಲಿಲ್ಲ. ಸ್ಟೋರಿನವನನ್ನು ಬಿಟ್ಟು ನೇರ ಮ್ಯಾನೇಜರಿಗೇ ಹೇಳಿದೆ, ಉದ್ದ ಹಿಡಿಯ ಬ್ರಷ್ ಕೊಡಿಸದಿದ್ದರೆ ಯಾರಾದರೂ ಡ್ರಮ್ಮಿನಿಂದ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ ಎಂದು. "ನಿಮಗ್ಯಾಕ್ರೀ ಅದು, ಇನ್ನೆಷ್ಟು ದಿನ ಇರ್ತೀರಾ ಅಲ್ಲಿ?" ಅಂದರು. ಹೌದಲ್ಲ! ಆದರೂ ತರಿಸಲು ಒಪ್ಪಿದರು. ಮುಂದಿನ ತಿಂಗಳ ಶುರುವಿಗೆ ಬರುತ್ತದಂತೆ.

ಬಸ್ಸು ಹತ್ತಿರ ಬರುತ್ತಿದೆ. ಕನಸಿನಲ್ಲಿ ಗೇರ್ ಬದಲಾಯಿಸುತ್ತೇನೆ. "ನನ್ ಕಾಲು ಒದೀತಿದ್ದೀರ" ಎಂದು ಇವಳು ಚಿವುಟಿ ಎಬ್ಬಿಸುತ್ತಾಳೆ.

ಸೆಪ್ಟೆಂಬರ್ ೨, ಸೋಮವಾರ

ಎಲ್ಲಿಂದ ಬರೆಯಲಿ.

ಬೆಳಿಗ್ಗೆ ಮೆಡಿಕಲ್ ಇತ್ತು. ಇವಳು ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವವಳು. ನನ್ನ ಖಾಕಿ ಅಂಗಿಯನ್ನು ಎಂದೂ ಇಲ್ಲದ ಹಾಗೆ ಗರಿಗರಿ ಮಾಡಿ ಕೊಟ್ಟಿದ್ದಳು. ರಕ್ತ ಸರಿ, ಲಿವರ್ ಪರವಾಗಿಲ್ಲ, ಕೈ ಚಾಚಿ ನಿಂತೆ, ನಡುಗಲಿಲ್ಲ. "ಗುಡ್" ಅಂದರು. ಕೊನೆಗೆ ಕಣ್ಣು.

ಬೋಗುಣಿಯಂಥ ದೊಡ್ಡ ಬಿಳಿ ಪೆಟ್ಟಿಗೆ. ಅದರೊಳಗೆ ಗಲ್ಲ ಇಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೈಯೆಲ್ಲ ಕಣ್ಣಾಗಿ ಕೂತೆ. ಕಂಡಾಗಲೆಲ್ಲ ಒತ್ತಿದೆ. ಎಡಗಣ್ಣಿನ ಸರದಿ ಬಂದಾಗ ಬಹಳ ಹೊತ್ತು ಬೆಳಕೇ ಬರಲಿಲ್ಲ. ಮೆಷಿನ್ ನಿಂತಿದೆಯೇನೋ ಅಂದುಕೊಂಡು, "ಸಾರ್, ಕರೆಂಟ್ ಹೋಯ್ತಾ?" ಎಂದು ಕೇಳಿದೆ.

ಎಡಗಣ್ಣಿನ ನರ ಸೊರಗಿದೆಯಂತೆ. ಕಣ್ಣಿನೊಳಗಿನ ಒತ್ತಡವಂತೆ. ನೋವಿಲ್ಲದೆ, ಹೇಳದೆ ಕೇಳದೆ ಬರುವಂಥದ್ದು. ಎಡಪಕ್ಕದ್ದು ಕಾಣುವುದಿಲ್ಲ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಔಷಧ ಹಾಕಬೇಕು. ಬಸ್ಸು ಓಡಿಸುವಂತಿಲ್ಲ.

"ಎಷ್ಟು ದಿನ?" ಎಂದು ಕೇಳಿದೆ.

ಡಾಕ್ಟರು ನನ್ನ ಮುಖ ನೋಡಿದರು. "ಇನ್ನು ಓಡಿಸೋ ಹಾಗಿಲ್ಲ" ಎಂದು ಮೆತ್ತಗೆ ಹೇಳಿದರು.

"ಕುಡಿದದ್ದಕ್ಕಾ?"

"ಇಲ್ಲ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಸಂಬಂಧವಿದ್ದಿದ್ದರೆ ಬೈದುಕೊಳ್ಳಲು ನಾನಾದರೂ ಸಿಗುತ್ತಿದ್ದೆ. ಈಗ ಯಾರನ್ನು ಬೈಯಲಿ? ಮೂರು ತಿಂಗಳು ಯಾವುದಕ್ಕೆ ಬಾಯಿ ಕಟ್ಟಿಕೊಂಡೆನೋ ಅದೇ ಇಲ್ಲ. ಕುಡಿಯದಿದ್ದರೂ ಇಷ್ಟೇ, ಕುಡಿದಿದ್ದರೂ ಇಷ್ಟೇ ಆಗುತ್ತಿತ್ತು. ಟೀ ಲೋಟ, ಕನ್ನಡಿಯ ಮಬ್ಬು, ಎಲ್ಲ ಒಟ್ಟಿಗೆ ನೆನಪಾಯಿತು. ಪಾಪ, ಆ ಹೊಸ ಡ್ರೈವರನ್ನು ಸುಮ್ಮನೆ ಬೈದಿದ್ದೆ.

ಮ್ಯಾನೇಜರು ಕುರ್ಚಿ ಕೊಟ್ಟು ಕೂರಿಸಿದರು. ಅದನ್ನು ನೋಡಿಯೇ ನನಗೆ ಅಳು ಬಂತು. ತೊಳೆಯುವ ಕಡೆಯೇ ಕಾಯಂ ಮಾಡುತ್ತಾರಂತೆ, ಉಸ್ತುವಾರಿ ನನ್ನದಂತೆ. "ಇನ್ನು ನೀವು ಕೊಳಲು ಊದೋದೂ ಬೇಡ, ಕೌನ್ಸೆಲರ್ ಹತ್ರ ಹೋಗೋದೂ ಬೇಡ. ಅದೆಲ್ಲ ಡ್ರೈವರುಗಳಿಗೆ ಮಾತ್ರ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಬಸ್ಸಿನಿಂದ ಇಳಿಸಿ ಬಾಗಿಲು ಹಾಕಿದಂತಾಯಿತು.

ಮನೆಗೆ ಬಂದು ಇವಳಿಗೆ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಆಮೇಲೆ ಅವಳು ಹೇಳಿದ ಮಾತು ಯಾವತ್ತೂ ಅವಳ ಬಾಯಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ. "ಇವತ್ತೊಂದಿನ ನೀವು ಕುಡಿದು ಬಂದ್ರೂ ನಾನೇನೂ ಅನ್ನಲ್ಲ" ಅಂದಳು.

ಹೊರಗೆ ಹೋದೆ. ಹೋಲ್ಡಾನಿಗೆ ಸುದ್ದಿ ಮುಟ್ಟಿತ್ತು. ರಸ್ತೆ ತಿರುವಿನಲ್ಲೇ ಕಾಯುತ್ತಿದ್ದ, ಕಣ್ಣು ಕೆಂಪಾಗಿತ್ತು. ನನಗಾಗಿ ಅತ್ತಿದ್ದ. "ಬಾರೋ. ಇವತ್ತು ದೇವರು ಬಂದ್ರೂ ಬೇಡ ಅನ್ನಲ್ಲ" ಅಂದ. "ನೀನು ನಡಿ, ಬರ್ತೀನಿ" ಅಂದೆ. ಅವನು ತಿರುವಿನ ಬಾರಿನೊಳಗೆ ಹೋದ. ನಾನು ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆ.

ಅಲ್ಲಿ ಕೂತು ಯೋಚಿಸಿದೆ. ಯಾಕೆ ಒಳಗೆ ಹೋಗಬಾರದು? ಮ್ಯಾನೇಜರಿಗೆ ಇನ್ನು ನನ್ನ ಉಸಿರು ಬೇಡ. ಇವಳೇ ಬಿಟ್ಟುಕೊಟ್ಟಳು. ಬಸ್ಸು ಇಲ್ಲ. ವ್ಯಾಕರಣದಮ್ಮನ ಹತ್ತಿರವೂ ಹೋಗಬೇಕಾಗಿಲ್ಲ. ಒಂದೊಂದೇ ಕಾರಣ ತೆಗೆದು ನೋಡಿದೆ, ಎಲ್ಲ ಖಾಲಿ. ಗಂಟಲು ಮಾತ್ರ ಹಳೆಯ ಹಾಗೇ ಕಾಯುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ವಾಸನೆ ರಸ್ತೆ ದಾಟಿ ಬರುತ್ತಿತ್ತು. ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ.

ಏಳನೇ ನಂಬರಿನದು ಸಂಜೆ ಪಾಳಿಯವರೊಂದಿಗೆ ಬಂದು ನಿಂತಿತು. ಮಾಡಿನ ಅಂಚಿನಲ್ಲಿ ಒಂದು ಗೀರು ಕೊಳೆ ಹಾಗೇ ಉಳಿದಿತ್ತು. ಗಿಡ್ಡ ಬ್ರಷ್ಷಿಗೆ ಎಟುಕದ ಜಾಗ. ನಾಳೆ ಹೊಸ ಬ್ರಷ್ ಬರುತ್ತದೆ, ಮೊದಲು ಇದನ್ನೇ ತೊಳೆಯಬೇಕು ಅಂದುಕೊಂಡೆ. ಬಸ್ಸು ಹೋಯಿತು. ಇನ್ನೂ ಸ್ವಲ್ಪ ಹೊತ್ತು ಕೂತೆ. ಹಸಿವಾಯಿತು. ಎದ್ದು ಮನೆ ಕಡೆ ತಿರುಗಿದರೆ ಎಡಗಡೆ ಯಾರಿಗೋ ಡಿಕ್ಕಿ ಹೊಡೆದೆ.

ಮಗಳು. ಪಕ್ಕದಲ್ಲೇ ಕೂತಿದ್ದಾಳೆ!

"ಯಾವಾಗ ಬಂದೆ?"

"ನೀನು ಕೂತ ಸ್ವಲ್ಪ ಹೊತ್ತಿಗೇ ಬಂದೆ."

"ಮತ್ತೆ ಮಾತಾಡ್ಸೋದಲ್ವಾ?"

"ನೋಡ್ತೀಯ ಅಂದ್ಕೊಂಡೆ. ನೋಡ್ಲಿಲ್ಲ. ಆಮೇಲೆ ಅಮ್ಮ ಹೇಳಿದ್ದು ನೆನಪಾಯ್ತು, ಎಡಗಡೆ ಕಾಣಲ್ಲ ಅಂತ."

"ನಾನು ಒಳಗೆ ಹೋಗಿದ್ರೆ ತಡೀತಿದ್ಯಾ?"

"ಇಲ್ಲಪ್ಪ. ಹೊರಗೆ ಬರೋವರ್ಗೂ ಕೂತಿರ್ತಿದ್ದೆ."

ರಸ್ತೆಯಲ್ಲೇ ಕಣ್ಣಲ್ಲಿ ನೀರು ಬಂತು, ಹನಿ ಔಷಧದ್ದು ಅಂದೆ. "ಇನ್ನೂ ಹಾಕೇ ಇಲ್ಲ, ಡಬ್ಬಿ ಮೇಜಿನ ಮೇಲಿದೆ" ಅಂದಳು. ದಾರಿಯುದ್ದಕ್ಕೂ ನನ್ನ ಎಡಗಡೆಗೇ ನಡೆದಳು. ಬಾಗಿಲಲ್ಲಿ ನಾನೇ ಬಗ್ಗಿ "ಹಾ" ಅಂದೆ. "ಥೂ, ಬೇಡಪ್ಪಾ" ಎಂದು ನನ್ನ ಮುಖ ತಳ್ಳಿ ಒಳಗೆ ಓಡಿದಳು.

ಊಟ ಮಾಡಿದೆ. ಇವಳು ಕಣ್ಣಿಗೆ ಹನಿ ಹಾಕಿದಳು, ಅರ್ಧ ಕೆನ್ನೆ ಮೇಲೆ.

ಸೆಪ್ಟೆಂಬರ್ ೩, ಮಂಗಳವಾರ

ಬೆಳಿಗ್ಗೆ ಡಿಪೋಗೆ ಹೋಗಿ ಎಂದಿನಂತೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕೊಳಲಯ್ಯ ತಲೆ ಕೆರೆದುಕೊಂಡ.

"ಅಣ್ಣಾ, ನೀನು ಊದೋದು ಬೇಡ್ವಲ್ಲ. ಹೆಸರು ತೆಗೆದಿದ್ದಾರೆ."

"ಗೊತ್ತು."

"ಸಾಹೇಬ್ರಿಗೆ ಬೇಡ, ನಂಗೂ ಬೇಡ. ಮತ್ಯಾರಿಗೆ ಬೇಕು?"

"ನನಗೆ ಬೇಕು. ಕೊಡೋ ಮಾರಾಯ, ಹಿಂದೆ ಜನ ಕಾಯ್ತಿದ್ದಾರೆ."

ಹಿಂದಿನಿಂದ ಯಾರೋ "ನೀಲಿ ಔಷಧ!" ಎಂದು ಕೂಗಿದರು, ಎಲ್ಲ ನಕ್ಕರು. ಊದಿದೆ. ಸೊನ್ನೆ. ಕೊಳಲಯ್ಯ ಎಲ್ಲೂ ಬರೆದುಕೊಳ್ಳಲಿಲ್ಲ, ಬರೆಯಲು ಜಾಗವೇ ಇರಲಿಲ್ಲ.

ಹೊಸ ಬ್ರಷ್ ಬಂದಿದೆ. ಹಿಡಿ ಚೆನ್ನಾಗಿದೆ, ಮಾಡಿನ ನಡುವಿನವರೆಗೂ ಎಟುಕುತ್ತದೆ. ಹೋಲ್ಡಾನ್ ನಿನ್ನೆ ಯಾಕೆ ಬರಲಿಲ್ಲ ಎಂದು ಮುಖ ಊದಿಸಿಕೊಂಡಿದ್ದ, ಸಂಜೆಗೆ ಸರಿಹೋದ. ಏಳನೇ ನಂಬರಿನ ಆ ಗೀರು ಹೋಯಿತು.

ಗುರುವಾರ ವ್ಯಾಕರಣದಮ್ಮನ ಹತ್ತಿರ ಒಮ್ಮೆ ಹೋಗಿ ಬರೋಣ ಅಂದುಕೊಂಡಿದ್ದೇನೆ. ಕಣ್ಣಿನ ವಿಷಯ ಹೇಳಬೇಕು. ಅದು ಬಿಟ್ಟರೆ ಈ ವಾರ ಹೇಳುವಂಥ ವಿಶೇಷವೇನೂ ಇಲ್ಲ.